ನಿಮಗಿದು ಗೊತ್ತೇ? ಬೆಟ್ಟದ ಗಾಳಿಯ ಬೆನ್ನೇರಿ ಎಂಜಿನ್ನಿಲ್ಲದ ಪಯಣ

ಬಿಸಿಲೇರಿದ ಹೊತ್ತಿನಲ್ಲಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ. ಹದ್ದೊಂದು ರೆಕ್ಕೆ ಬಡಿಯದೆ ಗಿರಕಿ ಹೊಡೆಯುತ್ತ ಮೇಲೇರುತ್ತಿರುತ್ತದೆ. ಅದನ್ನು ಎತ್ತುತ್ತಿರುವುದು ಗಾಳಿ. ಇದೇ ವಿದ್ಯೆಯನ್ನು ಮನುಷ್ಯನೂ ಕಲಿತಿದ್ದಾನೆ. ಆಲ್ಪ್ಸ್, ಆಂಡಿಸ್, ಹಿಮಾಲಯದಂಥ ಪರ್ವತಗಳ ಮೇಲೆ ಎಂಜಿನ್ನಿನ ಸದ್ದಿಲ್ಲದೆ ದಿನವಿಡೀ ಹಾರುತ್ತಾನೆ. ಆ ವಾಹನವೇ ಗ್ಲೈಡರ್. ದಾರಿಗೆ ಅಡ್ಡ ನಿಂತ ಬೆಟ್ಟವೇ ಅದಕ್ಕೆ ಏಣಿಯಾಗುವುದು ಹೇಗೆ? ಒಂದೊಂದಾಗಿ ನೋಡೋಣ.

ಮೊದಲ ಪಾಠ

● ಗ್ಲೈಡರ್ ಸದಾ ಕೆಳಗೆ ಜಾರುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬಿಟ್ಟ ಸೈಕಲ್ಲಿನಂತೆ ಎತ್ತರವನ್ನು ಖರ್ಚು ಮಾಡಿ ವೇಗ ಗಳಿಸುತ್ತದೆ. ಮೇಲೇರಲು ಇರುವುದು ಒಂದೇ ಉಪಾಯ: ತಾನು ಇಳಿಯುವುದಕ್ಕಿಂತ ಬೇಗ ಮೇಲೇರುತ್ತಿರುವ ಗಾಳಿಯನ್ನು ಹುಡುಕಿ ಅದರೊಳಗೆ ಸೇರಿಕೊಳ್ಳಬೇಕು.

● ಇಂದಿನ ಒಳ್ಳೆಯ ಗ್ಲೈಡರ್ ಒಂದು ಕಿ.ಮೀ. ಕೆಳಗಿಳಿಯುವಷ್ಟರಲ್ಲಿ ಸುಮಾರು 50 ಕಿ.ಮೀ. ಮುಂದೆ ಸಾಗಿರುತ್ತದೆ. ಬೆಂಗಳೂರಿನ ನೆಲದಿಂದ 3 ಕಿ.ಮೀ. ಎತ್ತರದಲ್ಲಿ ಬಿಟ್ಟರೆ, ಗಾಳಿ ಸುಮ್ಮನಿದ್ದ ದಿನ, ಮೈಸೂರು ಮುಟ್ಟಬಹುದು!

● ಬಾಹ್ಯಾಕಾಶದಿಂದ ಮರಳಿ ನೆಲಕ್ಕಿಳಿಯುವಾಗ ಅಮೆರಿಕದ ಸ್ಪೇಸ್ ಶಟಲ್ ಕೂಡ ಎಂಜಿನ್ ಬಲವಿಲ್ಲದ ಗ್ಲೈಡರೇ ಆಗಿತ್ತು. ಆದರೆ ಒಂದು ಕಿ.ಮೀ. ಇಳಿಯುವಷ್ಟರಲ್ಲಿ ಅದು 5 ಕಿ.ಮೀ. ಕೂಡ ಮುಂದೆ ಹೋಗುತ್ತಿರಲಿಲ್ಲ.

● ಗ್ಲೈಡರ್ ನೆಲ ಬಿಡುವುದು ಹೇಗೆ? ಪುಟ್ಟ ವಿಮಾನವೊಂದು ಹಗ್ಗ ಕಟ್ಟಿ ಎಳೆದೊಯ್ಯುತ್ತದೆ, ಇಲ್ಲವೇ ನೆಲದ ಮೇಲಿನ ವಿಂಚ್ ಗಾಳಿಪಟದ ದಾರ ಸೆಳೆದಂತೆ ಎಳೆದು ಏರಿಸುತ್ತದೆ. ಕೆಲವಕ್ಕೆ ಬೆನ್ನೊಳಗೆ ಮಡಚಿಡುವ ಚಿಕ್ಕ ಎಂಜಿನ್ ಇರುತ್ತದೆ. ಬೇಕಾದಷ್ಟು ಎತ್ತರ ಸಿಕ್ಕ ಮೇಲೆ ಅದನ್ನು ನಿಲ್ಲಿಸಿ ಒಳಗೆ ಸೇರಿಸಿಬಿಡುತ್ತಾರೆ. ಅಲ್ಲಿಂದ ಮುಂದಿನದು ಗಾಳಿಯ ಕೆಲಸ.

● ವೇಗ ಬೇಕೆಂದು ಗ್ಲೈಡರಿನ ತೂಕವನ್ನು ಬೇಕೆಂದೇ ಹೆಚ್ಚಿಸುತ್ತಾರೆ! ರೆಕ್ಕೆಯೊಳಗಿನ ಟ್ಯಾಂಕುಗಳಿಗೆ ನೂರಾರು ಲೀಟರ್ ನೀರು ತುಂಬುತ್ತಾರೆ. ಭಾರ ಹೆಚ್ಚಿದರೆ ಅದೇ ಜಾರಿನಲ್ಲಿ ವೇಗವೂ ಹೆಚ್ಚು. ಇಳಿಯುವ ಮುನ್ನ ನೀರನ್ನೆಲ್ಲ ಗಾಳಿಗೆ ಚೆಲ್ಲುತ್ತಾರೆ. ಎತ್ತರದ ಪರ್ವತಗಳಲ್ಲಿ ಮಾತ್ರ ಎಚ್ಚರ ಬೇಕು, ಅಲ್ಲಿನ ಚಳಿಗೆ ಟ್ಯಾಂಕಿನ ನೀರು ಹೆಪ್ಪುಗಟ್ಟೀತು.

ಬೆಟ್ಟ ಕೊಡುವ ಮೂರು ಏಣಿ

● ಮೊದಲನೆಯದು ಬಿಸಿಗಾಳಿಯ ಕಂಬ. ಪೈಲಟ್‌ಗಳು ಇದನ್ನು ಥರ್ಮಲ್ ಎನ್ನುತ್ತಾರೆ. ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇಳುತ್ತದೆ. ಬೆಟ್ಟಸೀಮೆಯಲ್ಲಿ ಬೆಳಗ್ಗೆ ಪೂರ್ವದ ಇಳಿಜಾರು ಮೊದಲು ಕಾಯುತ್ತದೆ, ಸಂಜೆಗೆ ಪಶ್ಚಿಮದ್ದು. ಆಲ್ಪ್ಸ್‌ನ ಪೈಲಟ್‌ಗಳು ಸೂರ್ಯನ ಜೊತೆಜೊತೆಗೇ ಬೆಟ್ಟದ ಬದಿ ಬದಲಿಸುತ್ತಾರೆ.

● ಎರಡನೆಯದು ಏರುಗಾಳಿ. ಬೀಸುವ ಗಾಳಿ ಬೆಟ್ಟದ ಗೋಡೆಗೆ ಬಡಿದರೆ ಮೇಲಕ್ಕೆ ಹೋಗದೆ ಬೇರೆ ದಾರಿಯಿಲ್ಲ. ಅರಬ್ಬೀ ಸಮುದ್ರದ ಮುಂಗಾರು ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೆದ್ದು ಆಗುಂಬೆಯಲ್ಲಿ ಮಳೆ ಸುರಿಸುವುದೂ ಇದೇ ಕಾರಣಕ್ಕೆ. ಗ್ಲೈಡರ್ ಈ ಏರುಗಾಳಿಯ ಅಂಚು ಹಿಡಿದು, ಗಿರಕಿ ಹೊಡೆಯದೆ, ಬೆಟ್ಟದ ಸಾಲಿನುದ್ದಕ್ಕೂ ನೇರವಾಗಿ ಓಡುತ್ತದೆ.

● ಮೂರನೆಯದೇ ಬಲು ಸೋಜಿಗ: ಪರ್ವತದಲೆ. ತೊರೆಯ ತಳದಲ್ಲೊಂದು ಬಂಡೆ ಇದ್ದರೆ ಅದನ್ನು ದಾಟಿದ ನೀರು ಮುಂದೆ ಏರಿಳಿಯುವ ಅಲೆಯಾಗುತ್ತದೆ. ಒಂದು ಎಲೆ ಬಿಟ್ಟು ನೋಡಿ. ಎಲೆ ಅಲೆಯನ್ನು ಹತ್ತಿ ಇಳಿದು ಹರಿದು ಹೋಗುತ್ತದೆ, ಅಲೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಬಲವಾದ ಗಾಳಿ ಪರ್ವತವನ್ನು ದಾಟಿದಾಗ ಆಚೆಯ ಬದಿಯಲ್ಲಿ ಆಗುವುದೂ ಇದೇ. ಗಾಳಿ ಹರಿಯುತ್ತದೆ, ಅಲೆ ನಿಂತಿರುತ್ತದೆ. ಆ ಅಲೆಯ ಏರುಬದಿಯಲ್ಲಿ ಗಾಳಿಗೆ ಮುಖಮಾಡಿ ನಿಂತ ಗ್ಲೈಡರ್ ಲಿಫ್ಟಿನಲ್ಲಿ ಹೋದಂತೆ ಮೇಲೇರುತ್ತದೆ.

● ಬೆಟ್ಟದ ಎತ್ತರಕ್ಕಿಂತ ಅಲೆಯ ಎತ್ತರ ಹಲವು ಪಟ್ಟು ಹೆಚ್ಚಿರಬಲ್ಲದು. ಬಿಸಿಗಾಳಿಯ ಕಂಬ ಸಾಮಾನ್ಯವಾಗಿ ಮೋಡದ ಅಡಿಯ ಹೊತ್ತಿಗೆ ಮುಗಿಯುತ್ತದೆ. ಪರ್ವತದಲೆ ಮೋಡಗಳನ್ನೆಲ್ಲ ಕೆಳಗೆ ಬಿಟ್ಟು ವಾಯುಮಂಡಲದ ಮೇಲಿನ ಪದರವಾದ ಸ್ತರಗೋಳದವರೆಗೂ ಹೋಗಬಲ್ಲದು.

● ಗಾಳಿ ಕಣ್ಣಿಗೆ ಕಾಣದು, ಆದರೆ ಅಲೆ ಕೆಲವೊಮ್ಮೆ ಕಾಣುತ್ತದೆ. ಅಲೆಯ ನೆತ್ತಿಯಲ್ಲಿ ತೇವ ತಣಿದು ಮಸೂರದಾಕಾರದ ನುಣುಪು ಮೋಡವಾಗುತ್ತದೆ. ಗಂಟೆಗೆ 100 ಕಿ.ಮೀ. ಗಾಳಿ ಬೀಸುತ್ತಿದ್ದರೂ ಈ ಮೋಡ ಕದಲುವುದಿಲ್ಲ. ಒಂದು ಅಂಚಿನಲ್ಲಿ ಹೊಸದಾಗಿ ಹುಟ್ಟುತ್ತ, ಇನ್ನೊಂದು ಅಂಚಿನಲ್ಲಿ ಕರಗುತ್ತ ಅಲ್ಲೇ ನಿಂತಿರುತ್ತದೆ. ಹಾರುವ ತಟ್ಟೆ ಎಂದು ಜನ ಇದನ್ನು ಕಂಡು ಬೆಚ್ಚಿದ್ದೂ ಉಂಟು.

ಅಲೆಯನ್ನು ಕಂಡುಹಿಡಿದವರು

● ಮೊದಲ ವಿಮಾನ ಹಾರಿಸಿದ ರೈಟ್ ಸೋದರರಲ್ಲಿ ಕಿರಿಯನಾದ ಆರ್ವಿಲ್, 1911ರ ಅಕ್ಟೋಬರ್ 24ರಂದು ಮತ್ತೆ ಎಂಜಿನ್ ಇಲ್ಲದ ಗ್ಲೈಡರ್ ಏರಿದರು. ಮರಳುಗುಡ್ಡಕ್ಕೆ ಬಡಿದು ಏಳುತ್ತಿದ್ದ ಗಾಳಿಯಲ್ಲಿ 9 ನಿಮಿಷ 45 ಸೆಕೆಂಡ್ ತೇಲಿದರು. ಆ ದಾಖಲೆ ಸುಮಾರು ಹತ್ತು ವರ್ಷ ಉಳಿಯಿತು.

● ಗ್ಲೈಡರ್ ವಿದ್ಯೆ ಜರ್ಮನಿಯಲ್ಲಿ ಅಷ್ಟೊಂದು ಬೆಳೆದದ್ದಕ್ಕೆ ಒಂದು ಒಪ್ಪಂದವೂ ಕಾರಣ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಆ ದೇಶದ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿತು. ಹಾರುವ ಹುಚ್ಚಿದ್ದ ತರುಣರು ಗ್ಲೈಡರ್ ಹೊತ್ತು ಗುಡ್ಡ ಹತ್ತಿದರು. 1920ರಲ್ಲಿ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ ಮೊದಲ ಸ್ಪರ್ಧೆ ನಡೆಯಿತು.

● 1933ರಲ್ಲಿ ವೋಲ್ಫ್ ಹಿರ್ಟ್ ಮತ್ತು ಸಂಗಡಿಗರು ಇಂದಿನ ಪೋಲೆಂಡ್-ಚೆಕ್ ಗಡಿಯ ಬೆಟ್ಟಸಾಲಿನ ಬಳಿ ಪರ್ವತದಲೆಯಲ್ಲಿ ಏರಿದರು. ಬೆಟ್ಟದ ಆಚೆಬದಿಯಲ್ಲಿ ಇಳಿಗಾಳಿ ಮಾತ್ರ ಇರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು.

● ಹಿರ್ಟ್‌ಗೆ ಇದ್ದದ್ದು ಒಂದೇ ಕಾಲು! ಮೋಟಾರ್‌ಸೈಕಲ್ ಅಪಘಾತದಲ್ಲಿ ಇನ್ನೊಂದನ್ನು ಕಳೆದುಕೊಂಡಿದ್ದರು. ಕೃತಕ ಕಾಲಿನಲ್ಲೇ ರಡ್ಡರ್ (ಬಾಲದ ಚುಕ್ಕಾಣಿ) ತುಳಿದು ಹಾರಿದರು. ಗ್ಲೈಡರ್ ಪೈಲಟ್‌ಗಳಿಗೆ ಕೊಡುವ ಬೆಳ್ಳಿ ಬಿಲ್ಲೆಯ ಮೊದಲ ಕ್ರಮಸಂಖ್ಯೆ ಅವರದೇ.

● ಆ ಬೆಟ್ಟಸಾಲಿನ ಬಳಿ ನಿಲ್ಲುವ ಅಲೆಮೋಡಕ್ಕೆ ‘ಮೋವಾಟ್ಸಗೋಟಲ್’ ಎಂಬ ಹೆಸರಿದೆ. ಅದು ಆ ಸೀಮೆಯ ಗೋಟ್ಲೀಬ್ ಎಂಬ ರೈತನ ಹೆಸರಿನ ಆಡುಮಾತಿನ ರೂಪ. ವಿಜ್ಞಾನಿಗಳಿಗಿಂತ ಮೊದಲೇ ಆ ಮೋಡವನ್ನು ಗಮನಿಸಿ ಗುರುತಿಟ್ಟವರು ಹೊಲದ ಜನ.

● ಅಲೆಯ ಗುಟ್ಟನ್ನು ಬಿಡಿಸಿದವರಲ್ಲಿ ಮುಖ್ಯರು ಯೋಆಕಿಂ ಕ್ಯೂಟ್ನರ್. ಮೊದಲು ಓದಿದ್ದು ಕಾನೂನು! ಗ್ಲೈಡರ್ ಹತ್ತಿದ ಮೇಲೆ ಹವಾಮಾನಶಾಸ್ತ್ರಕ್ಕೆ ಹೊರಳಿದರು. ಇತರ ಪೈಲಟ್‌ಗಳು ಹಾರಿ ತಂದ ಎತ್ತರದ ದಾಖಲೆಗಳನ್ನು ಕೂಡಿಸಿ ಅಲೆಯ ನಕ್ಷೆ ಬಿಡಿಸಿದರು. ಮುಂದೆ ನಾಸಾದಲ್ಲಿ, ಅಮೆರಿಕದ ಮೊದಲ ಗಗನಯಾತ್ರಿಯನ್ನು ಹೊತ್ತೊಯ್ದ ಮರ್ಕ್ಯುರಿ-ರೆಡ್‌ಸ್ಟೋನ್ ಯೋಜನೆಯ ಹೊಣೆ ಹೊತ್ತರು.

● 1937ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಿಂದ ಹೊರಟ ಪೈಲಟ್‌ಗಳು ಗ್ಲೈಡರಿನಲ್ಲೇ ಆಲ್ಪ್ಸ್ ದಾಟಿ ಇಟಲಿಯ ಕಡೆ ಇಳಿದರು. ಅವರಲ್ಲಿ ಹಾನಾ ರೈಟ್ಶ್ ಎಂಬ ಮಹಿಳೆಯೂ ಇದ್ದರು.

ಆಂಡಿಸ್ ಎಂಬ ಹೆದ್ದಾರಿ

● ಅತಿದೂರದ ಗ್ಲೈಡರ್ ಪಯಣಗಳಿಗೆ ಅರ್ಜೆಂಟೀನಾ ಏಕೆ ಹೆಸರುವಾಸಿ? ದಕ್ಷಿಣ ಅಮೆರಿಕದ ಅಂಚಿನುದ್ದಕ್ಕೂ ಆಂಡಿಸ್ ಉತ್ತರ-ದಕ್ಷಿಣವಾಗಿ ಗೋಡೆಯಂತೆ ನಿಂತಿದೆ. ಪೆಸಿಫಿಕ್ ಕಡೆಯಿಂದ ಬರುವ ಪಶ್ಚಿಮದ ಗಾಳಿ ಅದಕ್ಕೆ ನೇರವಾಗಿ ಬಡಿಯುತ್ತದೆ. ಆಚೆಬದಿಯಲ್ಲಿ ಸಾವಿರಾರು ಕಿ.ಮೀ. ಉದ್ದಕ್ಕೂ ಅಲೆಗಳ ಸಾಲು ಏಳುತ್ತದೆ.

● 2003ರ ಜನವರಿ 21ರಂದು ಜರ್ಮನಿಯ ಕ್ಲಾಸ್ ಓಲ್ಮನ್ ಮತ್ತು ಆಸ್ಟ್ರಿಯಾದ ಕಾರ್ಲ್ ರಬೇಡರ್ ಈ ಅಲೆಗಳ ಮೇಲೆ ಹಿಂದೆ ಮುಂದೆ ಓಡಾಡಿ 3,009 ಕಿ.ಮೀ. ಹಾರಿದರು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಭಾರತದ ಉದ್ದ ಸುಮಾರು 3,214 ಕಿ.ಮೀ. ಹೆಚ್ಚುಕಡಿಮೆ ಅಷ್ಟು ದೂರವನ್ನು ಒಂದೇ ದಿನದಲ್ಲಿ, ಬರೀ ಗಾಳಿಯ ಬಲದಿಂದ ಹಾರಿದ್ದರು!

● ಜನವರಿಯನ್ನೇ ಆರಿಸಿಕೊಂಡದ್ದೇಕೆ? ಭೂಮಧ್ಯರೇಖೆಯ ದಕ್ಷಿಣಕ್ಕೆ ಅದು ಬೇಸಿಗೆ. ಅಷ್ಟು ದಕ್ಷಿಣದಲ್ಲಿ ಹಗಲು ಬಹಳ ಉದ್ದ. ದೂರದ ಹಾರಾಟಕ್ಕೆ ಗಾಳಿ ಎಷ್ಟು ಮುಖ್ಯವೋ ಬೆಳಕೂ ಅಷ್ಟೇ ಮುಖ್ಯ.

● ಅವರು ಹಾರಿಸಿದ ನಿಂಬಸ್-4 ಡಿಎಂ ಗ್ಲೈಡರಿನ ರೆಕ್ಕೆ ತುದಿಯಿಂದ ತುದಿಗೆ 26.5 ಮೀಟರ್. ಅದನ್ನು ಕಟ್ಟಿದ್ದು ಶೆಂಪ್-ಹಿರ್ಟ್ ಕಂಪನಿ. ಅದರ ಸ್ಥಾಪಕರಲ್ಲಿ ಒಬ್ಬರು ಯಾರು ಗೊತ್ತೇ? ಅಲೆಯ ಬೆನ್ನೇರಿದ ಅದೇ ಒಂಟಿಕಾಲಿನ ವೋಲ್ಫ್ ಹಿರ್ಟ್!

● ಜೊತೆಯ ಪೈಲಟ್ ರಬೇಡರ್ ಸಿರಿವಂತ ವ್ಯಾಪಾರಿ. 2010ರಲ್ಲಿ ತಮ್ಮ ಬಂಗಲೆ, ಗ್ಲೈಡರ್‌ಗಳ ಸಹಿತ ಆಸ್ತಿಯನ್ನು ಮಾರಲು ನಿಂತರು. ಬಡವರಿಗೆ ಕಿರುಸಾಲ ಕೊಡುವ ಕೆಲಸಕ್ಕೆ ಆ ಹಣವನ್ನು ಮೀಸಲಿಟ್ಟು ಸುದ್ದಿಯಾದರು.

● 2006ರ ಡಿಸೆಂಬರ್‌ನಲ್ಲಿ ಓಲ್ಮನ್ ಇಲ್ಲೇ 500 ಕಿ.ಮೀ. ಹೋಗಿಬರುವ ಹಾದಿಯನ್ನು ಗಂಟೆಗೆ 306.8 ಕಿ.ಮೀ. ಸರಾಸರಿ ವೇಗದಲ್ಲಿ ಮುಗಿಸಿದರು. ಬರೀ ಗಾಳಿಯ ಬಲದ ವೇಗ ಇದು!

ಆಕಾಶದ ಮೇಲಿನ ಮೆಟ್ಟಿಲು

● ಅಮೆರಿಕದ ಸಿಯೆರಾ ನೆವಾಡಾ ಪರ್ವತದ ಅಲೆಯಲ್ಲಿ ಪಾಲ್ ಬಿಕಲ್ 1961ರಲ್ಲಿ 14,102 ಮೀಟರ್ ಏರಿದರು. ಆ ದಾಖಲೆ ಮುರಿಯಲು 25 ವರ್ಷ ಬೇಕಾಯಿತು.

● ನಾಸಾದ ಪರೀಕ್ಷಾ ಪೈಲಟ್ ಆಗಿದ್ದ ಐನಾರ್ ಎನೆವೋಲ್ಡ್‌ಸನ್ 1992ರಲ್ಲಿ ಒಂದು ಚಿತ್ರ ನೋಡಿದರು. ಲೇಸರ್ ಕಿರಣದಿಂದ ಅಳೆದ ಪರ್ವತದಲೆ ಸ್ತರಗೋಳದವರೆಗೂ ಹೋಗಿತ್ತು. ಅಲ್ಲಿಗೂ ಗ್ಲೈಡರ್ ಹೋಗಬಲ್ಲದು ಎಂಬ ಕನಸು ಅಂದೇ ಹುಟ್ಟಿತು. ಯೋಜನೆಗೆ ಇಟ್ಟ ಹೆಸರು ‘ಪರ್ಲಾನ್’, ಅಂದರೆ ಮುತ್ತು. ಸ್ತರಗೋಳದಲ್ಲಿ ಕಾಣುವ, ಮುತ್ತಿನ ಚಿಪ್ಪಿನಂತೆ ಹೊಳೆಯುವ ಮೋಡಗಳಿಂದ ಬಂದ ಹೆಸರು.

● 2006ರ ಆಗಸ್ಟ್ ಕೊನೆಯಲ್ಲಿ ಎನೆವೋಲ್ಡ್‌ಸನ್ ಮತ್ತು ಸಾಹಸಿ ಸ್ಟೀವ್ ಫಾಸೆಟ್ ಅರ್ಜೆಂಟೀನಾದ ಎಲ್ ಕಲಾಫಾತೆಯಿಂದ ಹೊರಟು 15,460 ಮೀಟರ್ ಮುಟ್ಟಿದರು. ಗ್ಲೈಡರಿನ ಒಳಗೆ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ಇಬ್ಬರೂ ಗಗನಯಾತ್ರಿಗಳಂತೆ ಒತ್ತಡದ ಉಡುಪು ತೊಟ್ಟು ಕೂತಿದ್ದರು.

● ಮರುವರ್ಷ 2007ರ ಸೆಪ್ಟೆಂಬರ್ 3ರಂದು ಫಾಸೆಟ್ ಚಿಕ್ಕ ವಿಮಾನವೊಂದರಲ್ಲಿ ಒಬ್ಬರೇ ಹೋದವರು ಸಿಯೆರಾ ನೆವಾಡಾದಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಸರಿಯಾಗಿ ಹತ್ತು ವರ್ಷದ ನಂತರ, 2017ರ ಸೆಪ್ಟೆಂಬರ್ 3ರಂದು, ಅವರ ದಾಖಲೆಯನ್ನು ಅದೇ ಯೋಜನೆಯ ಹೊಸ ಗ್ಲೈಡರ್ ಪರ್ಲಾನ್-2 ದಾಟಿತು.

● ಪರ್ಲಾನ್-2 ಅಲ್ಲಿಗೇ ನಿಲ್ಲಲಿಲ್ಲ. 2018ರ ಸೆಪ್ಟೆಂಬರ್ 2ರಂದು ಜಿಮ್ ಪೇನ್ ಮತ್ತು ಟಿಮ್ ಗಾರ್ಡ್‌ನರ್ ಅದನ್ನು 22,657 ಮೀಟರ್‌ಗೆ ಏರಿಸಿದರು. ಎವರೆಸ್ಟಿನ ಎರಡೂವರೆ ಪಟ್ಟು ಎತ್ತರ! ಹೆಸರಾಂತ ಬೇಹುಗಾರಿಕೆ ವಿಮಾನ ಯು-2ರ ದಾಖಲೆಯನ್ನೂ ಅದು ಮೀರಿತು.

● ಎತ್ತರದ ಈ ಹಾರಾಟಗಳಿಗೆ ಆರಿಸಿಕೊಂಡದ್ದು ಬೇಸಿಗೆಯನ್ನಲ್ಲ, ಚಳಿಗಾಲದ ಕೊನೆಯನ್ನು. ಆಗ ದಕ್ಷಿಣ ಧ್ರುವದ ಸುತ್ತ ಸ್ತರಗೋಳದಲ್ಲಿ ಬಲವಾದ ಗಾಳಿ ಸುತ್ತುತ್ತಿರುತ್ತದೆ. ಕೆಳಗಿನ ಪರ್ವತದಲೆಗೆ ಅದು ಕೈಕೊಟ್ಟು ಇನ್ನೂ ಮೇಲಕ್ಕೆ ಕರೆದೊಯ್ಯುತ್ತದೆ.

● ಸುಮಾರು 19 ಕಿ.ಮೀ. ಎತ್ತರದ ಮೇಲೆ ಗಾಳಿಯ ಒತ್ತಡ ಎಷ್ಟು ಕಡಿಮೆಯೆಂದರೆ, ನಮ್ಮ ಮೈಯ ಬಿಸಿಗೇ ನೀರು ಕುದಿಯುತ್ತದೆ. ಆದ್ದರಿಂದ ಪರ್ಲಾನ್-2ರ ಒಳಕೋಣೆಯನ್ನು ಗಾಳಿಯಾಡದಂತೆ ಮುಚ್ಚಿ ಒತ್ತಡ ಕಾಯ್ದಿದ್ದರು.

ಹಿಮಾಲಯದ ನೆತ್ತಿಯಲ್ಲಿ

● 2014ರ ಜನವರಿಯಲ್ಲಿ ಕ್ಲಾಸ್ ಓಲ್ಮನ್ ನೇಪಾಳದ ಪೋಖರಾದಿಂದ ಮೋಟಾರು ಗ್ಲೈಡರಿನಲ್ಲಿ ಹೊರಟು ಎವರೆಸ್ಟ್ ಸೀಮೆಯ ಮೇಲೆ ಹಾರಿದರು. ಗ್ಲೈಡರಿನ ರೆಕ್ಕೆಗೆ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ತಯಾರಿಸಿದ ವಿಶೇಷ ಕ್ಯಾಮೆರಾ ಕಟ್ಟಿದ್ದರು. ಪರ್ವತದ ಕಡಿದಾದ ಗೋಡೆಗಳನ್ನು ಉಪಗ್ರಹ ಮೇಲಿನಿಂದ ಸರಿಯಾಗಿ ಕಾಣಲಾರದು, ಪಕ್ಕದಲ್ಲಿ ಹಾರುವ ಗ್ಲೈಡರ್ ಕಾಣಬಲ್ಲದು.

● ಅದೇ ಚಳಿಗಾಲದಲ್ಲಿ ಪೋಲೆಂಡಿನ ಸೆಬಾಸ್ಟಿಯನ್ ಕಾವಾ ಅನ್ನಪೂರ್ಣಾ ಶಿಖರಗಳ ಮೇಲೆ ಗ್ಲೈಡರ್ ಹಾರಿಸಿದರು. ಹಲವು ಬಾರಿ ವಿಶ್ವ ಚಾಂಪಿಯನ್ ಆದ ಕಾವಾ ಓದಿದ್ದು ವೈದ್ಯಶಾಸ್ತ್ರ.

● ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಪರ್ವತ ಬಲ್ಲ ಪೈಲಟ್‌ಗಳೇ. ಆದರೆ ಅವು ತೇಲುವುದಿಲ್ಲ, ರೆಕ್ಕೆ ಬಡಿದೇ ಸಾಗುತ್ತವೆ. 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವು ಒಂದೇ ಎತ್ತರದಲ್ಲಿ ಹಾರದೆ, ಬೆಟ್ಟ ಕಣಿವೆಗಳ ಏರಿಳಿತವನ್ನೇ ಅನುಸರಿಸಿ ಶಕ್ತಿ ಉಳಿಸುತ್ತವೆ. ಕೆಲವೆಡೆ ಏರುಗಾಳಿಯ ನೆರವನ್ನೂ ಪಡೆಯುತ್ತವೆ. ಜಾಡು ಹಿಡಿದು ಅಳೆದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

● ತೇಲುವುದರಲ್ಲಿ ನಿಜವಾದ ಗುರು ಆಂಡಿಸ್‌ನ ಕಾಂಡೋರ್ ರಣಹದ್ದು. ಹಾರಾಟದ ಹೊತ್ತಿನಲ್ಲಿ ಅದು ರೆಕ್ಕೆ ಬಡಿಯುವುದು ಶೇ. 1ರಷ್ಟು ಸಮಯ ಮಾತ್ರ ಎಂದು 2020ರ ಅಧ್ಯಯನ ತೋರಿಸಿತು. ಒಂದು ಹಕ್ಕಿ ಐದು ಗಂಟೆಗೂ ಹೆಚ್ಚು ಕಾಲ, 172 ಕಿ.ಮೀ. ದೂರ, ಒಮ್ಮೆಯೂ ರೆಕ್ಕೆ ಬಡಿಯದೆ ಹಾರಿತ್ತು!

ಗಾಜಿನ ಮುಚ್ಚಳದ ಒಳಗೆ

● ಪೈಲಟ್ ಕೂರುವುದು ಆರಾಮಕುರ್ಚಿಯಲ್ಲಿ ಒರಗಿದಂತೆ, ಕಾಲು ಮುಂದೆ ಚಾಚಿ. ಹತ್ತಾರು ಗಂಟೆ ಏಳುವಂತಿಲ್ಲ. ಊಟ, ನೀರು ಅಲ್ಲೇ. ಮೂತ್ರಕ್ಕೂ ಚೀಲವೋ ಕೊಳವೆಯೋ ಇಟ್ಟುಕೊಂಡೇ ಹೊರಡಬೇಕು.

● ಮೇಲೇರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂಬುದನ್ನು ಕಿವಿಯೇ ಹೇಳುತ್ತದೆ. ವೇರಿಯೋಮೀಟರ್ ಎಂಬ ಉಪಕರಣ ಏರುವಾಗ ಒಂದು ದನಿ, ಇಳಿಯುವಾಗ ಇನ್ನೊಂದು ದನಿ ಮಾಡುತ್ತದೆ. ಕಣ್ಣು ಹೊರಗಿನ ಬೆಟ್ಟ, ಮೋಡ, ಬೇರೆ ಗ್ಲೈಡರ್‌ಗಳ ಮೇಲೆಯೇ ಇರಬಹುದು.

● 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ, ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಭಾಗ. 12,000 ಮೀಟರ್‌ನಲ್ಲಿ ಆಮ್ಲಜನಕ ನಿಂತುಹೋದರೆ ಬುದ್ಧಿ ಸ್ಥಿಮಿತದಲ್ಲಿರುವುದು 15-20 ಸೆಕೆಂಡ್ ಮಾತ್ರ. ಭಯದ ಮಾತೆಂದರೆ, ಆಮ್ಲಜನಕ ಕಡಿಮೆಯಾದಾಗ ಮನಸ್ಸಿಗೆ ಹಿತವೆನಿಸುವುದೂ ಉಂಟು. ಅಪಾಯ ಬಂದದ್ದೇ ಅರಿವಿಗೆ ಬಾರದು.

● 10 ಕಿ.ಮೀ. ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗೆ. ಪೈಲಟ್‌ನ ಉಸಿರು ಗಾಜಿನ ಒಳಮೈಗೆ ಮಂಜಾಗಿ ಕಟ್ಟುತ್ತದೆ. ಗ್ಲೈಡರಿನ ಹೊರಲೇಪ ಬಿರುಕು ಬಿಡುವುದೂ ಉಂಟು.

ಅಪಾಯ ಮತ್ತು ಶಿಸ್ತು

● ಮೇಲೆ ರೇಷ್ಮೆಯಂತೆ ನುಣುಪಾದ ಅಲೆಯ ಕೆಳಗೇ ರೋಟರ್ ಎಂಬ ಉರುಳುಸುಳಿ ಇರುತ್ತದೆ. 1955ರಲ್ಲಿ ಸಿಯೆರಾ ನೆವಾಡಾದ ಬಳಿ ಇಂಥ ಸುಳಿ ಲ್ಯಾರಿ ಎಡ್ಗರ್ ಅವರ ಗ್ಲೈಡರನ್ನು ಗಾಳಿಯಲ್ಲೇ ಚೂರು ಮಾಡಿತು. ಪ್ಯಾರಾಶೂಟ್ ಅವರನ್ನು ಬದುಕಿಸಿತು.

● ಗ್ಲೈಡರ್ ಜನ ಕಲಿತ ಪಾಠ ಎಲ್ಲ ವಿಮಾನ ಪ್ರಯಾಣಿಕರಿಗೂ ಬೇಕಾದದ್ದು. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಬಳಿ ಬಿಓಎಸಿ ಕಂಪನಿಯ ಬೋಯಿಂಗ್ 707 ಪರ್ವತದಲೆಯ ಹೊಡೆತಕ್ಕೆ ಆಕಾಶದಲ್ಲೇ ಒಡೆಯಿತು. 124 ಮಂದಿಯೂ ಸತ್ತರು. ಅಂದು ಆಕಾಶ ಶುಭ್ರವಾಗಿತ್ತು.

● ಬೆಟ್ಟದ ಪಕ್ಕ ಎರಡು ಗ್ಲೈಡರ್ ಎದುರುಬದುರಾದರೆ ಬೆಟ್ಟ ಯಾರ ಬಲಗಡೆ ಇದೆಯೋ ಅವರಿಗೆ ದಾರಿ. ಬೆಟ್ಟ ಎಡಗಡೆ ಇರುವವರು ಹೊರಗೆ ಸರಿಯಬೇಕು. ತಿರುಗುವಾಗ ಯಾವಾಗಲೂ ಬೆಟ್ಟಕ್ಕೆ ಬೆನ್ನು ಮಾಡಿ ತಿರುಗಬೇಕು. ಬಿಸಿಗಾಳಿಯ ಕಂಬದಲ್ಲಿ ಮೊದಲು ಬಂದವರು ಯಾವ ದಿಕ್ಕಿಗೆ ಸುತ್ತುತ್ತಿದ್ದಾರೋ ಆಮೇಲೆ ಬಂದವರೂ ಅದೇ ದಿಕ್ಕಿಗೆ ಸುತ್ತಬೇಕು.

● ಗಾಳಿ ಕೈಕೊಟ್ಟರೆ? ಬಯಲೋ ಹೊಲವೋ ನೋಡಿ ಇಳಿಯುವುದೇ. ಪರ್ವತಸೀಮೆಯಲ್ಲಿ ಒಳ್ಳೆಯ ಪೈಲಟ್ ಇಳಿಯುವ ಜಾಗವನ್ನು ಮೊದಲು ಗೊತ್ತುಮಾಡಿಕೊಂಡೇ ಮುಂದಿನ ಕಣಿವೆಗೆ ಹೋಗುತ್ತಾನೆ. ಇಳಿದ ಮೇಲೆ ಗೆಳೆಯರು ಟ್ರೇಲರ್ ತರುತ್ತಾರೆ, ರೆಕ್ಕೆ ಕಳಚಿ ಮನೆಗೊಯ್ಯುತ್ತಾರೆ.

● ಫ್ರಾನ್ಸಿನ ಶಾರ್ಲ್ ಅಟ್ಜೇರ್ 1952ರಲ್ಲಿ ಏರುಗಾಳಿಯ ಮೇಲೆ 56 ಗಂಟೆ 15 ನಿಮಿಷ ಇಳಿಯದೆ ಹಾರಿದರು. ನಿದ್ದೆಗೆಟ್ಟು ಹಾರುವುದು ಜೀವಕ್ಕೇ ಮುಳುವಾಗುತ್ತದೆಂದು ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟ ಮುಂದೆ ಈ ಬಗೆಯ ದಾಖಲೆಯನ್ನೇ ಕೈಬಿಟ್ಟಿತು.

● 1983ರಲ್ಲಿ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಆಕಾಶದಲ್ಲೇ ಮುಗಿಯಿತು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಬಲ್ಲವರು. ಗ್ಲೈಡರಿನಲ್ಲಿ ಮಾಡುವಂತೆ ವಿಮಾನವನ್ನು ಓರೆಯಾಗಿ ಜಾರಿಸಿ ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಕೊನೆಗೊಂದು ಉಣ್ಣೆದಾರ

● ಕೋಟಿಗಟ್ಟಲೆ ಬೆಲೆಯ ಗ್ಲೈಡರಿನಲ್ಲೂ ಪೈಲಟ್ ಕಣ್ಣೆದುರು, ಗಾಜಿನ ಹೊರಮೈಗೆ, ಗೇಣುದ್ದದೊಳಗಿನ ಒಂದು ಉಣ್ಣೆದಾರವನ್ನು ಟೇಪಿನಿಂದ ಅಂಟಿಸಿರುತ್ತಾರೆ. ದಾರ ನೇರ ಹಿಂದಕ್ಕೆ ಚಾಚಿದ್ದರೆ ಗ್ಲೈಡರ್ ಗಾಳಿಗೆ ಸರಿಯಾಗಿ ಮುಖ ಮಾಡಿದೆ ಎಂದರ್ಥ. ಪಕ್ಕಕ್ಕೆ ವಾಲಿದರೆ ಗ್ಲೈಡರ್ ಓರೆಯಾಗಿ ಸಾಗುತ್ತ ಎತ್ತರ ಪೋಲು ಮಾಡುತ್ತಿದೆ ಎಂದು ತಿಳಿದು ಕಾಲಿನಿಂದ ರಡ್ಡರ್ ಸರಿಪಡಿಸುತ್ತಾರೆ. ರೈಟ್ ಸೋದರರ ಕಾಲದಿಂದ ಬಂದ ಉಪಾಯ ಇದು. ಯು-2 ವಿಮಾನದ ಗಾಜಿನ ಮುಂದೆಯೂ ಇಂಥದೊಂದು ದಾರ ಉಂಟು.

● ನಾಳೆ ಒಂದು ಕೆಲಸ ಮಾಡಿ. ನಿಮ್ಮೂರಿನ ಮೊದಲ ಹದ್ದು ಎಷ್ಟು ಗಂಟೆಗೆ ಗಿರಕಿ ಶುರು ಮಾಡುತ್ತದೆ, ಯಾವ ಬಂಡೆ, ಬಯಲು, ತಾರಸಿಯ ಮೇಲೆ ಏರುತ್ತದೆ, ಎಡಕ್ಕೆ ಸುತ್ತುತ್ತದೋ ಬಲಕ್ಕೋ, ಬರೆದಿಡಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಹತ್ತು ದಿನ ಬರೆದ ಮೇಲೆ, ನಿಮ್ಮೂರಿನ ಗಾಳಿ ಎಲ್ಲೆಲ್ಲಿ ಮೇಲೇಳುತ್ತದೆ ಎಂಬ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ. ಆಂಡಿಸ್ ಮೇಲೆ ಹಾರುವವರು ಹುಡುಕುವುದೂ ಇಂಥ ಏರುವ ಗಾಳಿಯನ್ನೇ.